ಹಿತ್ತಲ ಗಿಡವೂ ಮದ್ದೇ: ಶಸ್ತ್ರಚಿಕಿತ್ಸೆಯ ಹಿಂದುಮುಂದಿನ ಔಷಧ ನಿರ್ವಹಣೆ ಮತ್ತು ಜನಪದ ತಿಳಿವಳಿಕೆ

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತು ನಡೆದಿರುವ ಕೆಲಸದ ಬಹುಪಾಲು ಸಂಗ್ರಹದ ಸ್ವರೂಪದ್ದು. ಯಾವ ಕಾಯಿಲೆಗೆ ಯಾವ ಬೇರು, ಯಾವ ಸೊಪ್ಪು, ಅದನ್ನು ಅರೆಯುವ ಕ್ರಮ ಯಾವುದು, ಎಷ್ಟು ದಿನ ಕೊಡಬೇಕು, ಪಥ್ಯವೇನು ಎಂಬ ವಿವರಗಳನ್ನು ಕಲೆಹಾಕಿ ಪಟ್ಟಿ ಮಾಡುವ ಕಾರ್ಯ ಕಳೆದ ಶತಮಾನದ ಕೊನೆಯ ದಶಕಗಳಿಂದ ನಡೆದುಬಂದಿದೆ. ಅದರ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಸಂಗ್ರಹಗಳನ್ನು ಓದುತ್ತ ಹೋದಂತೆ, ನಾಟಿ ಮದ್ದು ಕುಡಿಯುವವನು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಿದವನಲ್ಲ ಎಂಬ ಭಾವನೆ ಓದುಗರಲ್ಲಿ ಮೂಡುತ್ತದೆ. ವಾಸ್ತವ ಹಾಗಿಲ್ಲ. ಬೆಳಗ್ಗೆ ಅಮೃತಬಳ್ಳಿಯ ಕಷಾಯ ಕುಡಿದವರೇ ತಿಂಡಿಯ ನಂತರ ಬಿಪಿ ಮಾತ್ರೆಯನ್ನು ನುಂಗುತ್ತಾರೆ. ಅವರೇ ಮುಂದಿನ ವಾರ ಹರ್ನಿಯಾ ಶಸ್ತ್ರಚಿಕಿತ್ಸೆಗೆ ದಾಖಲಾಗುತ್ತಾರೆ. ಕಷಾಯ, ಮಾತ್ರೆ, ಅರಿವಳಿಕೆ ಈ ಮೂರೂ ಒಂದೇ ಶರೀರದಲ್ಲಿ ಸೇರುವ ಸಂದರ್ಭ ಶಸ್ತ್ರಚಿಕಿತ್ಸೆಯದು. ಆ ಸಂದರ್ಭದಲ್ಲಿ ರೋಗಿಯ ನಿತ್ಯದ ಔಷಧಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡದೆ ಕೊಡಬೇಕು, ನಿಲ್ಲಿಸಿದ್ದನ್ನು ಎಂದು ಮರಳಿ ಆರಂಭಿಸಬೇಕು ಎಂಬುದು ಆಧುನಿಕ ವೈದ್ಯದಲ್ಲಿ ಒಂದು ಪ್ರತ್ಯೇಕ ಶಿಸ್ತಾಗಿಯೇ ಬೆಳೆದಿದೆ. ಈ ಶಿಸ್ತು ನಿಂತಿರುವುದು ಒಂದು ಪ್ರಶ್ನೆಯ ಮೇಲೆ: "ನೀವು ದಿನಾ ಯಾವ ಔಷಧಿ ತೆಗೆದುಕೊಳ್ಳುತ್ತೀರಿ?" ಈ ಪ್ರಶ್ನೆಗೆ ನಮ್ಮ ಜನ ಕೊಡುವ ಉತ್ತರ ಪೂರ್ಣವಾಗಿರುವುದಿಲ್ಲ. ಅದು ಏಕೆ ಪೂರ್ಣವಾಗಿರುವುದಿಲ್ಲ ಎಂಬುದನ್ನು ಜಾನಪದದ ನೆಲೆಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿಲ್ಲಿಸುವುದು ಮತ್ತು ಮುಂದುವರಿಸುವುದು

ವಿಷಯಕ್ಕೆ ಹೊಸಬರಾದ ಜಾನಪದ ವಿದ್ಯಾರ್ಥಿಗಳಿಗಾಗಿ ವೈದ್ಯಕೀಯದ ಪಾಲನ್ನು ಮೊದಲು ಸಂಗ್ರಹವಾಗಿ ಹೇಳಬೇಕಾಗುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಎಲ್ಲ ಔಷಧಗಳನ್ನೂ ಬಿಡಬೇಕು ಎಂಬ ಭಾವನೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಥೈರಾಯಿಡ್ ಮಾತ್ರೆ, ಮೂರ್ಛೆರೋಗದ ಮಾತ್ರೆ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪ, ಅಟೆನೊಲಾಲ್ ಮತ್ತು ಮೆಟೊಪ್ರೊಲಾಲ್‌ಗಳಂತಹ ಹೃದಯದ ಬಡಿತವನ್ನು ಹತೋಟಿಯಲ್ಲಿಡುವ ಮಾತ್ರೆ ಇವುಗಳನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ದಿನ ಬೆಳಗ್ಗೆಯೂ ಎರಡು ಗುಟುಕು ನೀರಿನೊಡನೆ ಕೊಡುತ್ತಾರೆ. ಕೊನೆಯದನ್ನು ಒಮ್ಮೆಲೇ ನಿಲ್ಲಿಸಿದರೆ ಅಷ್ಟು ದಿನ ಅದುಮಿಟ್ಟಿದ್ದ ಹೃದಯದ ಬಡಿತವೂ ರಕ್ತದೊತ್ತಡವೂ ಒಟ್ಟಿಗೆ ಏರಿ ಹೃದಯಾಘಾತಕ್ಕೆ ದಾರಿಯಾಗಬಹುದು.

ಇನ್ನು ಕೆಲವನ್ನು ಲೆಕ್ಕ ಹಿಡಿದು ಮೊದಲೇ ನಿಲ್ಲಿಸಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ದೊಡ್ಡ ಶಸ್ತ್ರಚಿಕಿತ್ಸೆಗೆ ಸುಮಾರು 5 ದಿನ ಮುಂಚೆ ನಿಲ್ಲಿಸುವುದು ರೂಢಿ. ಅದೇ ಕಾರ್ಯದ ಹೊಸ ಮಾತ್ರೆಗಳಿಗೆ ಮೂತ್ರಪಿಂಡ ಸರಿಯಿದ್ದರೆ ಒಂದೆರಡು ದಿನ ಸಾಕಾಗುತ್ತದೆ. ಮಧುಮೇಹಕ್ಕೆ ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದಿರುವ ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು ಕನಿಷ್ಠ 3 ದಿನ ಮುಂಚೆ ಬಿಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಸೂಚಿಸಿತು. ಈ ಗುಂಪಿನ ಒಂದು ಔಷಧಕ್ಕೆ ಮಾತ್ರ 4 ದಿನ. ಹಸಿದ ಹೊಟ್ಟೆಯಲ್ಲಿ ಈ ಮಾತ್ರೆ ರಕ್ತದಲ್ಲಿ ಆಮ್ಲವನ್ನು ಹೆಚ್ಚಿಸಬಲ್ಲದು. ಆಗ ಸಕ್ಕರೆಯ ಮಟ್ಟ ಹೆಚ್ಚೇನೂ ಏರಿರುವುದಿಲ್ಲವಾದ್ದರಿಂದ ಅಪಾಯ ಬೇಗ ಕಣ್ಣಿಗೆ ಬೀಳುವುದಿಲ್ಲ. ಆಸ್ಪಿರಿನ್, ಇನ್ಸುಲಿನ್ ಮೊದಲಾದವುಗಳ ವಿಷಯದಲ್ಲಿ ತೀರ್ಮಾನ ರೋಗಿಯಿಂದ ರೋಗಿಗೆ ಬೇರೆಯಾಗುತ್ತದೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ನಿಲ್ಲಿಸುವುದು ರಕ್ತಸ್ರಾವಕ್ಕಿಂತ ದೊಡ್ಡ ಅಪಾಯವಾಗಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಹಿಂದಿನ ದಿನವೇ ಬಿಡಬೇಕೇ ಬೇಡವೇ ಎಂಬ ಚರ್ಚೆ ಬಹುಕಾಲ ನಡೆದಿತ್ತು. ಫ್ರಾನ್ಸ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ, ಬಿಟ್ಟವರಿಗೂ ಮುಂದುವರಿಸಿದವರಿಗೂ ಸಾವು ಮತ್ತು ಗಂಭೀರ ತೊಡಕುಗಳಲ್ಲಿ ವ್ಯತ್ಯಾಸವನ್ನು ಕಾಣಲಿಲ್ಲ. ಅಂದರೆ ಈ ಶಿಸ್ತು ಇನ್ನೂ ತನ್ನನ್ನು ತಾನು ತಿದ್ದಿಕೊಳ್ಳುತ್ತಲೇ ಇದೆ. ಇಲ್ಲಿನ ಯಾವ ಸಂಖ್ಯೆಯನ್ನೂ ಓದುಗರು ತಮ್ಮ ಮನೆಯ ರೋಗಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಆ ತೀರ್ಮಾನ ಅರಿವಳಿಕೆ ತಜ್ಞರದು.

ಇವೆಲ್ಲಕ್ಕಿಂತ ನಮ್ಮ ಚರ್ಚೆಗೆ ಹತ್ತಿರವಾದುದು ಸ್ಟಿರಾಯ್ಡ್ ಔಷಧಗಳ ಕಥೆ. ಸಂಧಿವಾತಕ್ಕೆ ಕಾರ್ಟಿಸೋನ್ ಸೇವಿಸುತ್ತಿದ್ದ ರೋಗಿಯೊಬ್ಬ ಶಸ್ತ್ರಚಿಕಿತ್ಸೆಯ ನಂತರ ರಕ್ತದೊತ್ತಡ ಕುಸಿದು ಮರಣಹೊಂದಿದ ಪ್ರಕರಣವನ್ನು 1952ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಹೊರಗಿನಿಂದ ಸ್ಟಿರಾಯ್ಡ್ ದೊರೆಯುತ್ತಿದ್ದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ಬಿಟ್ಟು ಕುಗ್ಗಿಹೋಗುತ್ತವೆ. ಕೊಯ್ತದ ಆಘಾತವನ್ನು ತಡೆದುಕೊಳ್ಳಲು ಶರೀರಕ್ಕೆ ಆ ಗ್ರಂಥಿಯ ರಸ ಎಂದಿಗಿಂತ ಹೆಚ್ಚಾಗಿ ಬೇಕಾದಾಗ ಅದು ಒದಗುವುದಿಲ್ಲ. ಆದ್ದರಿಂದಲೇ ಇಂದು ದೀರ್ಘಕಾಲ ಸ್ಟಿರಾಯ್ಡ್ ಸೇವಿಸಿದವರಿಗೆ ಅದನ್ನು ನಿಲ್ಲಿಸುವುದಿಲ್ಲ; ಅಗತ್ಯವಿದ್ದರೆ ಹೆಚ್ಚುವರಿಯಾಗಿಯೂ ಕೊಡುತ್ತಾರೆ. ಆದರೆ ತಾನು ಸೇವಿಸುತ್ತಿರುವುದು ಸ್ಟಿರಾಯ್ಡ್ ಎಂಬುದೇ ರೋಗಿಗೆ ಗೊತ್ತಿಲ್ಲದಿದ್ದರೆ ಮಾಡುವುದೇನು? ಮಂಡಿನೋವಿಗೆ, ಉಬ್ಬಸಕ್ಕೆ, ಚರ್ಮರೋಗಕ್ಕೆ ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರಾಟವಾಗುವ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ಭಾರತದ ಹಲವು ಪ್ರಯೋಗಾಲಯ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಇದು ಜನಪದ ವೈದ್ಯವಲ್ಲ, ಅದರ ವೇಷ ತೊಟ್ಟ ವ್ಯಾಪಾರ. ಆದರೆ ಕೊಳ್ಳುವವರ ಲೆಕ್ಕದಲ್ಲಿ ಅದು "ನಾಟಿ ಪುಡಿ". ನಾಟಿ ಪುಡಿ ಎಂದಮೇಲೆ ಅದರಿಂದ ತೊಂದರೆಯಿಲ್ಲ, ಅದನ್ನು ಆಸ್ಪತ್ರೆಯಲ್ಲಿ ಹೇಳಬೇಕಾದ ಅಗತ್ಯವೂ ಇಲ್ಲ.

ಮದ್ದು ಎಂಬ ಶಬ್ದ

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹತ್ತಿರದ ವಸ್ತುವಿಗೆ ಬೆಲೆಯಿಲ್ಲ ಎಂಬ ಅರ್ಥದಲ್ಲಿ ಬಳಸುತ್ತೇವೆ. ಆಸ್ಪತ್ರೆಯ ದಾಖಲಾತಿ ಕೊಠಡಿಯಲ್ಲಿ ಈ ಗಾದೆ ಅಕ್ಷರಶಃ ನಿಜವಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ನಡೆಯುವ ಮಾತುಕತೆ ಈ ಬಗೆಯದು:

"ಅಜ್ಜಾ, ದಿನಾ ಯಾವ ಔಷಧಿ ತಗೋತೀರಾ?"

"ಬಿಪಿದು ಒಂದು ಮಾತ್ರೆ ಕಣವ್ವ. ಅಷ್ಟೇ."

"ಬೇರೆ ಏನೂ ಇಲ್ವಾ?"

"ಏನಿಲ್ಲ ಕಣವ್ವ, ಯಾವ ಮಾತ್ರೇನೂ ಇಲ್ಲ."

ಅಜ್ಜ ಸುಳ್ಳು ಹೇಳುತ್ತಿಲ್ಲ. ಬೆಳಗ್ಗೆ ನೆನೆಹಾಕಿ ಕುಡಿಯುವ ಮೆಂತ್ಯದ ನೀರು, ಸಕ್ಕರೆ ಕಾಯಿಲೆಗೆಂದು ಅಗಿಯುವ ಮಧುನಾಶಿನಿ ಎಲೆ, ಕೆಮ್ಮಿಗೆಂದು ಬಾಯಲ್ಲಿಟ್ಟುಕೊಳ್ಳುವ ಅತಿಮಧುರದ ಬೇರು ಇವು ಅವನ ವರ್ಗೀಕರಣದಲ್ಲಿ ಆಹಾರದ ಅಂಚಿಗೆ ಸೇರಿದವು. ಔಷಧಿ ಎಂದರೆ ಅಂಗಡಿಯಿಂದ ಬಂದದ್ದು, ಚೀಟಿಯಲ್ಲಿ ಬರೆದದ್ದು, ಹಣ ಕೊಟ್ಟದ್ದು. ಮೆಂತ್ಯ ಮತ್ತು ಮಧುನಾಶಿನಿಗಳು ರಕ್ತದ ಸಕ್ಕರೆಯನ್ನು ಇಳಿಸಬಲ್ಲವು. ಅತಿಮಧುರವನ್ನು ಹೆಚ್ಚು ದಿನ ಸೇವಿಸಿದರೆ ಶರೀರದಲ್ಲಿ ಉಪ್ಪು ಉಳಿದು ಪೊಟ್ಯಾಸಿಯಂ ಕಡಿಮೆಯಾಗುತ್ತದೆ, ರಕ್ತದೊತ್ತಡ ಏರುತ್ತದೆ. ಪೊಟ್ಯಾಸಿಯಂ ಕುಗ್ಗಿದ ಹೃದಯ ಅರಿವಳಿಕೆಯಡಿಯಲ್ಲಿ ಲಯ ತಪ್ಪುವ ಸಂಭವ ಹೆಚ್ಚು. ಅಜ್ಜನ ಉತ್ತರದಲ್ಲಿ ಇವು ಯಾವುವೂ ಇಲ್ಲ, ಏಕೆಂದರೆ ಪ್ರಶ್ನೆಯಲ್ಲಿ ಇವು ಯಾವುವೂ ಇರಲಿಲ್ಲ.

ಹಾಗಾದರೆ "ಮದ್ದು" ಎಂದು ಕೇಳಿದರೆ ಸಾಕೇ? ಈ ಶಬ್ದದ ಅರ್ಥವ್ಯಾಪ್ತಿ ಅಷ್ಟು ಸರಳವಾದುದಲ್ಲ. ಮದ್ದು ಎಂದರೆ ಔಷಧಿ; ಮದ್ದು ಎಂದರೆ ಕೋವಿಗೆ ತುಂಬುವ ಸಿಡಿಪುಡಿ; ಮದ್ದು ಎಂದರೆ ಅನ್ನದಲ್ಲೋ ಎಲೆಅಡಿಕೆಯಲ್ಲೋ ಗುಟ್ಟಾಗಿ ಬೆರೆಸಿ ಕೊಡುವ ವಿಷ ಅಥವಾ ವಶೀಕರಣದ ವಸ್ತು. "ಮದ್ದು ಹಾಕಿದ್ದಾರೆ" ಎಂಬ ಮಾತಿಗೆ ಚಿಕಿತ್ಸೆ ಮಾಡಿದ್ದಾರೆ ಎಂಬ ಅರ್ಥವನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಹಚ್ಚುವುದಿಲ್ಲ. ಉತ್ತರ ಕರ್ನಾಟಕದಲ್ಲಿ "ಎಣ್ಣಿ" ಎಂಬುದಕ್ಕೆ, ಹಳೆಯ ಮೈಸೂರು ಕಡೆ "ಔಷಧಿ" ಎಂಬುದಕ್ಕೆ ಬೆಳೆಗೆ ಸಿಂಪಡಿಸುವ ಕೀಟನಾಶಕದ ಅರ್ಥವೂ ಇದೆ. ರೋಗ ಕಳೆಯುವ ವಸ್ತುವಿಗೂ ಪ್ರಾಣ ಕಳೆಯುವ ವಸ್ತುವಿಗೂ ಒಂದೇ ಹೆಸರಿಟ್ಟ ಭಾಷೆ ನಮ್ಮದು. ಶಾಸ್ತ್ರ ಸಾಹಿತ್ಯದಲ್ಲಿಯೂ ವಿಷವನ್ನು ಕುರಿತ ವಿಚಾರಕ್ಕೆ ದೊಡ್ಡ ಸ್ಥಾನವಿದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ಇಡಿಯಾಗಿ ವಿಷವೈದ್ಯದ ಗ್ರಂಥ. ಈ ಹಿನ್ನೆಲೆಯಲ್ಲಿ, ಯಾರೋ ಮದ್ದು ಹಾಕಿದ್ದಾರೆಂಬ ಶಂಕೆಯಿಂದ ಅದನ್ನು ಕಕ್ಕಿಸಲು ಹೊಟ್ಟೆಗೆ ಔಷಧಿ ತೆಗೆದುಕೊಂಡ ರೋಗಿ, ಮರುವಾರ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದಾಗ ಆ ಸಂಗತಿಯನ್ನು ದಾದಿಯೆದುರು ಬಾಯಿಬಿಡುತ್ತಾನೆಂದು ನಿರೀಕ್ಷಿಸುವುದು ಕಷ್ಟ. ಅದನ್ನು ಹೇಳುವುದೆಂದರೆ ಮನೆಯೊಳಗಿನ ಯಾರನ್ನೋ ಬೊಟ್ಟುಮಾಡಿ ತೋರಿಸಿದಂತೆ.

ಗುಟ್ಟಿಗೆ ಮತ್ತೊಂದು ಕಾರಣವೂ ಉಂಟು. ಬೇರಿನ ಹೆಸರು ಹೇಳಿದರೆ ಮದ್ದು ನಾಟುವುದಿಲ್ಲ ಎಂಬ ನಂಬಿಕೆ ನಾಟಿ ವೈದ್ಯರಲ್ಲಿ ನಾಡಿನಾದ್ಯಂತ ಇದೆ. ವೈದ್ಯ ಹೇಳುವುದಿಲ್ಲ, ರೋಗಿ ಕೇಳುವುದಿಲ್ಲ. ಆದ್ದರಿಂದ ರೋಗಿ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಲು ಸಿದ್ಧನಿದ್ದರೂ ಅವನು ಹೇಳಬಲ್ಲದ್ದು "ಒಂದು ಸೊಪ್ಪಿನ ರಸ, ಮೂರು ಭಾನುವಾರ" ಎಂಬಷ್ಟೇ. ಮದ್ದಿನ ಅವಧಿ ಹೀಗೆ ಮೂರು ವಾರ, ಐದು ವಾರ, ಒಂದು ಮಂಡಲ ಎಂದು ನಿಗದಿಯಾಗಿರುತ್ತದೆ. ಮಂಡಲದ ನಡುವೆ ಶಸ್ತ್ರಚಿಕಿತ್ಸೆಯ ದಿನಾಂಕ ಬಿದ್ದರೆ, ಮುರಿದರೆ ಮದ್ದು ತಿರುಗಿಬೀಳುತ್ತದೆ ಎಂಬ ಭಯದಿಂದ ಅದನ್ನು ಗುಟ್ಟಾಗಿ ಮುಂದುವರಿಸುವುದೇ ಹೆಚ್ಚು. ಇದರ ಮೇಲೆ, ನಾಟಿ ಔಷಧದ ಹೆಸರೆತ್ತಿದರೆ ಡಾಕ್ಟರು ಬೈಯುತ್ತಾರೆಂಬ ಅನುಭವ ಬೇರೆ. ಒಮ್ಮೆ ಬೈಸಿಕೊಂಡವರು ಎರಡನೆಯ ಸಲ ಹೇಳುವುದಿಲ್ಲ. ಅವರ ಮಾತು ಕೇಳಿದ ಊರಿನವರು ಮೊದಲನೆಯ ಸಲವೂ ಹೇಳುವುದಿಲ್ಲ.

ಪಾಶ್ಚಾತ್ಯ ವೈದ್ಯಕೀಯ ಲೋಕ ಗಿಡಮೂಲಿಕೆಗಳ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡದ್ದು ತೀರ ಈಚೆಗೆ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2001ರಲ್ಲಿ ಪ್ರಕಟವಾದ ಲೇಖನವೊಂದು ಜಿನ್‌ಸೆಂಗ್, ಗಿಂಕ್ಗೊ, ಬೆಳ್ಳುಳ್ಳಿ ಮೊದಲಾದ ಎಂಟು ಮೂಲಿಕೆಗಳನ್ನು ಶಸ್ತ್ರಚಿಕಿತ್ಸೆಗೆ ಎಷ್ಟು ಮುಂಚೆ ನಿಲ್ಲಿಸಬೇಕೆಂದು ವಿವರಿಸಿತು. ಬೆಳ್ಳುಳ್ಳಿಗೆ ಅದು ಸೂಚಿಸಿದ್ದು ಕನಿಷ್ಠ 7 ದಿನ. ಅಲ್ಲಿ ಮಾತ್ರೆಯ ರೂಪದಲ್ಲಿ ಮಾರುವ ಬೆಳ್ಳುಳ್ಳಿಗೂ ನಮ್ಮ ಒಗ್ಗರಣೆಯ ಬೆಳ್ಳುಳ್ಳಿಗೂ ಪ್ರಮಾಣದಲ್ಲಿ ವ್ಯತ್ಯಾಸವಿದೆ ಎಂಬುದನ್ನು ಮರೆಯಬಾರದು. ಆದರೆ ಬಾಣಂತಿಗೆ ದಿನವೂ ಗಡ್ಡೆಗಟ್ಟಲೆ ಸುಟ್ಟು ತಿನ್ನಿಸುವ ಬೆಳ್ಳುಳ್ಳಿ ಒಗ್ಗರಣೆಯದಲ್ಲ. ಆ ಎಂಟರಲ್ಲಿ ನಮ್ಮ ಅಡುಗೆಮನೆಗೆ ಸೇರಿದ್ದು ಇದೊಂದೇ. ಅಮೃತಬಳ್ಳಿ, ಮಧುನಾಶಿನಿ, ನೆಲನೆಲ್ಲಿಗಳ ಸುದ್ದಿಯೇ ಅಲ್ಲಿಲ್ಲ. ಗುರುತು ತಿಳಿಯದ ಮೂಲಿಕೆಯನ್ನು ಎರಡು ವಾರ ಮುಂಚೆಯೇ ನಿಲ್ಲಿಸಿಬಿಡುವುದು ಕ್ಷೇಮ ಎಂಬ ಸಾಮಾನ್ಯ ಸೂಚನೆ ಉಂಟಾದರೂ, ಅಪೆಂಡಿಸೈಟಿಸ್ ಆದವನಿಗೆ ಎರಡು ವಾರದ ಬಿಡುವು ಎಲ್ಲಿಂದ ಬರಬೇಕು?

ಉಪವಾಸ, ನಿಟ್ಟುಪವಾಸ

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಕೊಡುವ "ಉಪವಾಸ ಇರಬೇಕು" ಎಂಬ ಸೂಚನೆ ಕೇಳಲು ಎಷ್ಟು ಸ್ಪಷ್ಟವೋ ಆಚರಣೆಯಲ್ಲಿ ಅಷ್ಟೇ ಸಂದಿಗ್ಧವಾದುದು. ಅರಿವಳಿಕೆಯಲ್ಲಿ ಪ್ರಜ್ಞೆ ತಪ್ಪಿದವರ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ನುಗ್ಗಬಹುದೆಂಬುದು ಈ ನಿಯಮದ ಕಾರಣ. 1946ರಲ್ಲಿ ಮೆಂಡೆಲ್‌ಸನ್ ಎಂಬ ವೈದ್ಯ ಹೆರಿಗೆಯ ಸಂದರ್ಭದ ಇಂತಹ ಪ್ರಕರಣಗಳನ್ನು ವಿವರಿಸಿದ ಮೇಲೆ ಇದು ಬಿಗಿಯಾಯಿತು. ಇಂದಿನ ರೂಢಿಯಂತೆ ಲಘು ಆಹಾರಕ್ಕೆ 6 ಗಂಟೆ, ತಿಳಿನೀರಿಗೆ 2 ಗಂಟೆಯ ಅಂತರ ಸಾಕು. ಹಾಲು ಇಲ್ಲಿ ನೀರಿನ ಪಂಕ್ತಿಗಲ್ಲ, ಆಹಾರದ ಪಂಕ್ತಿಗೆ ಸೇರುತ್ತದೆ.

ನಮ್ಮ ವ್ರತಗಳ ಉಪವಾಸದಲ್ಲಿ ಇದು ತಲೆಕೆಳಗು. ಏಕಾದಶಿಯಂದು, ಶಿವರಾತ್ರಿಯಂದು, ಶನಿವಾರದಂದು ಬಿಡುವುದು ಅನ್ನವನ್ನು ಮಾತ್ರ. ಹಾಲು, ಬಾಳೆಹಣ್ಣು, ಅವಲಕ್ಕಿ, ಕೆಲವೆಡೆ ಉಪ್ಪಿಟ್ಟು ಕೂಡ ಫಲಾಹಾರವೆನಿಸಿಕೊಂಡು ಉಪವಾಸಕ್ಕೆ ಭಂಗ ತರುವುದಿಲ್ಲ. ಆದ್ದರಿಂದ ಬೆಳಗ್ಗೆ ಒಂದು ಲೋಟ ಹಾಲು ಕುಡಿದು ಬಂದ ಅಜ್ಜಿ "ಉಪವಾಸ ಇದ್ದೀನಪ್ಪ" ಎಂದರೆ ಅವಳ ನುಡಿಗಟ್ಟಿನಲ್ಲಿ ಅದು ಸತ್ಯ. ಇದರ ಇನ್ನೊಂದು ತುದಿ ನಿಟ್ಟುಪವಾಸ. ಹನಿ ನೀರನ್ನೂ ಮುಟ್ಟದ ಈ ಕ್ರಮವನ್ನು ಬಲ್ಲವರು "ಬಾಯಿಗೆ ಏನೂ ಹಾಕಬಾರದು" ಎಂಬ ಮಾತನ್ನು ನಿಷ್ಠೆಯಿಂದ ಪಾಲಿಸಿ, ಬೆಳಗ್ಗೆ ನುಂಗಲೇಬೇಕಾಗಿದ್ದ ಬಿಪಿ ಮಾತ್ರೆಯನ್ನೂ ಮೂರ್ಛೆಯ ಮಾತ್ರೆಯನ್ನೂ ಬಿಟ್ಟು ಬರುತ್ತಾರೆ. ರೋಗಿ ಸೂಚನೆಯನ್ನು ಪಾಲಿಸಲಿಲ್ಲವೆಂದು ಆಸ್ಪತ್ರೆಯವರು ದೂರುವ ಪ್ರಸಂಗಗಳಲ್ಲಿ ಎಷ್ಟೋ ಇಂಥವು. ಇಬ್ಬರೂ ಪಾಲಿಸಿದ್ದಾರೆ, ಆದರೆ ಬೇರೆ ಬೇರೆ ಉಪವಾಸಗಳನ್ನು.

ಪ್ರಾಚೀನ ಶಾಸ್ತ್ರವೂ ಇಲ್ಲಿ ಒಂದೇ ಬಗೆಯಾಗಿ ಮಾತನಾಡುವುದಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನ, ಶಸ್ತ್ರಕರ್ಮಕ್ಕೆ ಮುಂಚೆ ರೋಗಿಗೆ ಆಹಾರ ಕೊಡಬೇಕೆಂದೂ, ಮದ್ಯಪಾನದ ರೂಢಿಯುಳ್ಳ, ನೋವು ತಡೆಯಲಾರದವನಿಗೆ ಮದ್ಯ ಕುಡಿಸಬೇಕೆಂದೂ ಹೇಳುತ್ತದೆ. ಆದರೆ ಮೂಢಗರ್ಭ, ಉದರರೋಗ, ಮೂಲವ್ಯಾಧಿ, ಅಶ್ಮರಿ, ಭಗಂದರ, ಬಾಯಿಯ ರೋಗ ಇವುಗಳಲ್ಲಿ ಉಣ್ಣದವನಿಗೇ ಶಸ್ತ್ರಕರ್ಮ ಮಾಡಬೇಕೆಂಬುದು ಅದೇ ಗ್ರಂಥದ ವಿಧಿ. ಅರಿವಳಿಕೆಯಿಲ್ಲದ ಕಾಲದ ಈ ವಿವೇಚನೆಯನ್ನು ಇಂದಿನ ನಿಯಮಕ್ಕೆ ಪೂರ್ವಸೂರಿಯೆಂದು ಸಾಧಿಸಹೊರಡುವುದು ಅತಿಯಾದೀತು.

ಬಾಯಿಬಿಡಲಾಗದವು

ಕೆಲವು ನಿತ್ಯದ ಔಷಧಗಳು ಪಟ್ಟಿಗೆ ಬಾರದಿರಲು ಕಾರಣ ತಿಳಿವಳಿಕೆಯ ಕೊರತೆಯಲ್ಲ, ಮಾನದ ಪ್ರಶ್ನೆ. ಮೂರ್ಛೆರೋಗ ಅವುಗಳಲ್ಲಿ ಮುಖ್ಯ. ತವರಿನವರು ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿರುತ್ತಾರೆ. ಹೆಣ್ಣುಮಗಳು ಮಾತ್ರೆಯನ್ನು ಅಕ್ಕಿಡಬ್ಬದಲ್ಲಿಯೋ ಸೀರೆಯ ಮಡಿಕೆಯಲ್ಲಿಯೋ ಇಟ್ಟುಕೊಂಡು ಗುಟ್ಟಾಗಿ ನುಂಗುತ್ತಿರುತ್ತಾಳೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯೆಂದು ಹೆಸರಿಸಿದ್ದ ಮೂರ್ಛೆರೋಗವನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಕಾಯಿದೆ ತೆಗೆದದ್ದನ್ನು ಅತ್ತೆಮನೆಗಳು ಇನ್ನೂ ತೆಗೆದಿಲ್ಲ. ಸಿಸೇರಿಯನ್ ಹೆರಿಗೆಗೋ ಸಂತಾನಹರಣ ಚಿಕಿತ್ಸೆಗೋ ಬಂದ ಆಕೆಯ ಪಕ್ಕದಲ್ಲಿ ಅತ್ತೆ ನಿಂತಿರುತ್ತಾಳೆ. ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದು. ಎರಡು ದಿನ ಮಾತ್ರೆ ತಪ್ಪಿದರೆ ಮೂರ್ಛೆ ಮರಳುವ ಸಂಭವ ಹೆಚ್ಚು. ಬಸುರಿನಲ್ಲಿ ಅಥವಾ ಹೆರಿಗೆಯ ಬೆನ್ನಿಗೇ ಸೆಳವು ಬಂದರೆ ವೈದ್ಯರು ಅದನ್ನು ಬಸುರಿನ ರಕ್ತದೊತ್ತಡದಿಂದ ಬರುವ ನಂಜೆಂದು ಭಾವಿಸಿ ಬೇರೆಯೇ ಜಾಡು ಹಿಡಿಯಬಹುದು. ಅತ್ತೆಯನ್ನು ಎರಡು ನಿಮಿಷ ಹೊರಗೆ ಕಳಿಸಿ ಕೇಳುವುದೆಂಬ ಸಾಮಾನ್ಯ ಉಪಾಯಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಬಿಡುವೂ ಇಲ್ಲ, ಮರೆಯೂ ಇಲ್ಲ.

ಕುಡಿತದ ವಿಷಯವೂ ಇದೇ ಬಗೆಯದು. ನಿತ್ಯ ಕುಡಿಯುವವನಿಗೆ ಹೆಂಡ ಒಂದು ಅರ್ಥದಲ್ಲಿ ನಿತ್ಯದ ಔಷಧವೇ. ಆಸ್ಪತ್ರೆಗೆ ಸೇರಿದ ಕಾರಣ ಅದು ಒಮ್ಮೆಲೇ ನಿಂತರೆ ಮೊದಲ ದಿನದೊಳಗೇ ಕೈನಡುಕ, ಬೆವರು ತೊಡಗುತ್ತವೆ. ತೀವ್ರ ಸ್ವರೂಪದಲ್ಲಿ ಎರಡು ಮೂರನೆಯ ದಿನದ ಹೊತ್ತಿಗೆ ಭ್ರಮೆ ಹುಟ್ಟುತ್ತದೆ. ಗೋಡೆಯ ಮೇಲೆ ಹುಳು ಹರಿದಂತೆ, ಸತ್ತವರು ಬಾಗಿಲಲ್ಲಿ ನಿಂತಂತೆ ಕಾಣುತ್ತದೆ. ಆಪರೇಷನ್ ಮುಗಿದು ಚೇತರಿಸಿಕೊಳ್ಳುತ್ತಿದ್ದವನು ಹೀಗೆ ಬಡಬಡಿಸಿದಾಗ ಮನೆಯವರು ಅದನ್ನು "ಗಾಳಿ ಸೋಕಿದೆ" ಎಂದು ಓದಿಕೊಳ್ಳುತ್ತಾರೆ. ಆಸ್ಪತ್ರೆಯೆಂದರೆ ಸಾವು ಸಂಭವಿಸುವ ಜಾಗ. ಅಲ್ಲಿ ಗಾಳಿ ಇರುವುದು ಸಹಜ. ತಾಯಿತ ಬರುತ್ತದೆ, ನಿಂಬೆಹಣ್ಣು ಬರುತ್ತದೆ, ರೋಗಿಯನ್ನು ಬಿಡಿಸಿಕೊಂಡು ಹೋಗುವ ಮಾತೂ ಬರುತ್ತದೆ. ಜಾನಪದ ಅಧ್ಯಯನದಲ್ಲಿ ಗಾಳಿ ಸೋಕುವಿಕೆಯ ನಿರೂಪಣೆಗಳನ್ನು ನಂಬಿಕೆ ಎಂಬ ಶೀರ್ಷಿಕೆಯಡಿಯಲ್ಲಿ ಬರೆದುಕೊಂಡು ಮುಂದೆ ಹೋಗುವ ರೂಢಿಯಿದೆ. ಆಸ್ಪತ್ರೆಯಿಂದ ಹೊರಟ ಇಂತಹ ನಿರೂಪಣೆಗಳಲ್ಲಿ ದಿನದ ಲೆಕ್ಕವನ್ನೂ ಕೇಳಿ ಬರೆದುಕೊಂಡರೆ ಅವು ಬೇರೆಯೇ ಸಾಕ್ಷ್ಯವಾಗಬಲ್ಲವು ಎಂಬುದು ನನ್ನ ಅಭಿಪ್ರಾಯ.

ನಂಜು ಮತ್ತು ಪಥ್ಯ

ಶಸ್ತ್ರಚಿಕಿತ್ಸೆಯ ನಂತರದ ಕಾಲವನ್ನು ಆಸ್ಪತ್ರೆ ಮಾತ್ರೆಗಳ ಮೂಲಕ ಅಳೆದರೆ ಮನೆ ಪಥ್ಯದ ಮೂಲಕ ಅಳೆಯುತ್ತದೆ. ಪಥ್ಯದ ಕೇಂದ್ರದಲ್ಲಿರುವ ಕಲ್ಪನೆ ನಂಜು. ಗಾಯದಲ್ಲಿ ಕೀವು ತುಂಬುವುದು, ಊದುವುದು, ಬೇಗ ಮಾಯದಿರುವುದು ಎಲ್ಲವೂ ನಂಜಿನ ಲಕ್ಷಣ. ಕೆಲವು ಆಹಾರಗಳು ಸ್ವಭಾವತಃ ನಂಜು. ಪಟ್ಟಿ ಊರಿಂದ ಊರಿಗೆ, ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಬದನೆ, ಮೀನು, ಮೊಟ್ಟೆ, ಅವರೆ, ಹುರುಳಿ, ಮೊಸರು, ಹುಳಿ ಪದಾರ್ಥ ಇವು ಹಲವೆಡೆ ಬರುತ್ತವೆ. ಕುತೂಹಲದ ಸಂಗತಿಯೆಂದರೆ ಸುಶ್ರುತ ಸಂಹಿತೆಯಲ್ಲಿ ವ್ರಣವುಳ್ಳವನ ಉಪಚಾರವನ್ನು ಹೇಳುವ ಅಧ್ಯಾಯವು ವರ್ಜ್ಯವೆಂದು ಹೆಸರಿಸುವ ಆಹಾರಗಳಲ್ಲಿ ಹೊಸ ಧಾನ್ಯ, ಉದ್ದು, ಎಳ್ಳು, ಹುರುಳಿ, ಅವರೆ, ಹುಳಿ, ಮೊಸರು, ಜಲಚರಗಳ ಮಾಂಸ ಇವೆಲ್ಲ ಸೇರಿವೆ. ಶಾಸ್ತ್ರದಿಂದ ಜನಪದಕ್ಕೆ ಇಳಿಯಿತೋ ಜನಪದದಿಂದ ಶಾಸ್ತ್ರಕ್ಕೆ ಏರಿತೋ ಎಂದು ನಿರ್ಣಯಿಸಲು ಆಧಾರ ಸಾಲದು. ಆದರೆ ಜನಪದ ಪಟ್ಟಿ ನಿಂತ ನೀರಲ್ಲ. ಅಮೆರಿಕ ಖಂಡದಿಂದ ಬಂದ ಆಲೂಗಡ್ಡೆಯೂ ಇಂದು ಕೆಲವು ಮನೆಗಳ ನಂಜಿನ ಪಟ್ಟಿಯಲ್ಲಿದೆ. ಹೊಸತನ್ನು ಒರೆಹಚ್ಚಿ ಒಳಗೋ ಹೊರಗೋ ಸೇರಿಸಿಕೊಳ್ಳುವ ಶಕ್ತಿ ಈ ವರ್ಗೀಕರಣಕ್ಕೆ ಉಂಟೆಂಬುದಕ್ಕೆ ಇದು ನಿದರ್ಶನ.

ಪಥ್ಯಕ್ಕೂ ಮಾತ್ರೆಗೂ ಸಂಬಂಧವೇನು? ಜನಪದ ಗ್ರಹಿಕೆಯಲ್ಲಿ ಸಂಬಂಧವಿಲ್ಲ. "ಇಂಗ್ಲಿಷ್ ಔಷಧಿಗೆ ಪಥ್ಯವಿಲ್ಲ" ಎಂಬುದು ಜನಜನಿತ ಮಾತು. ಅಪಾಯ ಇರುವುದು ಇಲ್ಲಿಯೇ. ಕೃತಕ ಹೃದಯ ಕವಾಟವುಳ್ಳವರು ಜೀವನಪರ್ಯಂತ ಸೇವಿಸುವ ವಾರ್ಫರಿನ್ ಮಾತ್ರೆಯ ಪರಿಣಾಮ ಹಸಿರು ಸೊಪ್ಪಿನಲ್ಲಿರುವ ಕೆ ಜೀವಸತ್ವವನ್ನು ಅವಲಂಬಿಸಿದೆ. ನಿತ್ಯ ಸೊಪ್ಪಿನ ಸಾರು ಉಣ್ಣುವವರಿಗೆ ಹೊಂದಿಸಿದ ಪ್ರಮಾಣವೇ, ಪಥ್ಯದ ಹೆಸರಿನಲ್ಲಿ ಸೊಪ್ಪು ಬಿಟ್ಟು ಬರಿಯ ಅನ್ನ ತಿಳಿಸಾರಿಗೆ ಇಳಿದಾಗ ಹೆಚ್ಚಾಗಿ ಪರಿಣಮಿಸಿ ಹೊಲಿಗೆಯ ಜಾಗದಲ್ಲಿ ರಕ್ತ ಜಿನುಗಬಹುದು. ಪಥ್ಯ ಮುಗಿದು ನುಗ್ಗೆಸೊಪ್ಪು ಮರಳಿದಾಗ ಅದೇ ಪ್ರಮಾಣ ಸಾಲದೆ ಕವಾಟದ ಮೇಲೆ ರಕ್ತ ಗರಣೆಗಟ್ಟಬಹುದು. ಅಂದರೆ ಪಥ್ಯವಿಲ್ಲವೆಂದು ಜನ ನಂಬಿರುವ ಔಷಧಗಳಲ್ಲಿಯೇ ಒಂದಕ್ಕೆ ಯಾವ ನಾಟಿ ಮದ್ದಿಗೂ ಕಡಿಮೆಯಿಲ್ಲದ ಪಥ್ಯವಿದೆ: ಸೊಪ್ಪನ್ನು ಬಿಡುವುದಲ್ಲ, ದಿನವೂ ಒಂದೇ ಅಳತೆಯಲ್ಲಿ ತಿನ್ನುವುದು. ಹಾಗೆಯೇ ಗ್ಲಿಮೆಪಿರೈಡ್‌ನಂತಹ ಸಕ್ಕರೆಯ ಮಾತ್ರೆಯನ್ನು ಹಳೆಯ ಪ್ರಮಾಣದಲ್ಲಿಯೇ ನುಂಗಿ, ಊಟವನ್ನು ಮಾತ್ರ ಗಂಜಿಗೆ ಇಳಿಸಿದರೆ ಸಕ್ಕರೆ ಅತಿಯಾಗಿ ಕುಸಿದು ಪ್ರಜ್ಞೆ ತಪ್ಪುವುದುಂಟು. "ನಿಶ್ಶಕ್ತಿಯಿಂದ ಬಿದ್ದರು" ಎಂದು ಮನೆಯವರು ಹೇಳುವ ಎಷ್ಟೋ ಬೀಳುವಿಕೆಗಳ ಹಿಂದೆ ಈ ಲೆಕ್ಕ ಇರಬಹುದು.

ಸಿಸೇರಿಯನ್ ಆದ ಬಾಣಂತಿಯ ಸ್ಥಿತಿ ಇನ್ನೂ ಸೂಕ್ಷ್ಮ. ಬಾಣಂತಿ ಶೀತದ ಶರೀರದವಳು, ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಅಳೆದು ನೀರು ಕೊಡುವ ಪದ್ಧತಿ ಇನ್ನೂ ಅಳಿದಿಲ್ಲ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಸ್ವಭಾವ ತಾನಾಗಿಯೇ ಹೆಚ್ಚಿರುತ್ತದೆ. ನೀರು ಕಡಿಮೆಯಾದರೆ ಅದಕ್ಕೆ ಇಂಬು ದೊರೆಯುತ್ತದೆ. ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ. ಮೆಣಸು, ಓಮ, ಬೆಳ್ಳುಳ್ಳಿಗಳ ಬಾಣಂತಿ ಖಾರವನ್ನು ನಿಲ್ಲಿಸಿ ಎನ್ನುವುದಕ್ಕಿಂತ, ಅದರ ಜೊತೆಗೆ ಕಾದಾರಿದ ಬಿಸಿನೀರನ್ನು ಬೇಕಾದಷ್ಟು ಕೊಡಿ ಎಂದು ಅಜ್ಜಿಗೆ ಹೇಳುವುದು ಫಲಕಾರಿ. ಬಿಸಿನೀರು ಅವಳ ಶೀತ-ಉಷ್ಣದ ಲೆಕ್ಕಕ್ಕೂ ಹೊಂದುತ್ತದೆ.

ನಿಲ್ಲಿಸಿದ ಮಾತ್ರೆಯನ್ನು ಮರಳಿ ಆರಂಭಿಸುವ ಘಟ್ಟ ಎಲ್ಲಕ್ಕಿಂತ ದುರ್ಬಲವಾದ ಕೊಂಡಿ. ಬಿಡುಗಡೆಯ ಚೀಟಿ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ರೋಗಿಯ ನೆನಪಿನಲ್ಲಿರುವುದು ಬಣ್ಣ ಮತ್ತು ಆಕಾರ: ಗುಲಾಬಿ ಮಾತ್ರೆ, ಅರ್ಧ ಮಾಡುವ ಮಾತ್ರೆ, ಉತ್ತರದ ಕಡೆ "ಸಣ್ಣ ಗುಳಗಿ". ಹೊಸ ಅಂಗಡಿಯಲ್ಲಿ ಬೇರೆ ಕಂಪನಿಯ ಅದೇ ಔಷಧ ಬೇರೆ ಬಣ್ಣದಲ್ಲಿ ದೊರೆತರೆ ಹಳೆಯದನ್ನೂ ಹೊಸದನ್ನೂ ಎರಡನ್ನೂ ನುಂಗುವವರಿದ್ದಾರೆ. ಇನ್ನು "ಡಾಕ್ಟರು ನಿಲ್ಲಿಸಿ ಅಂದಿದ್ದರು" ಎಂಬ ಒಂದೇ ಮಾತನ್ನು ಹಿಡಿದು ರಕ್ತ ತೆಳುವಾಗುವ ಮಾತ್ರೆಯನ್ನು ತಿಂಗಳುಗಟ್ಟಲೆ ಬಿಟ್ಟವರೂ ಇದ್ದಾರೆ. ನಾಟಿ ವೈದ್ಯ ಮದ್ದು ಕೊಡುವಾಗ ಆರಂಭದ ದಿನವನ್ನೂ ಮುಗಿಯುವ ದಿನವನ್ನೂ ವಾರದ ಹೆಸರು ಹಿಡಿದು ಹೇಳುತ್ತಾನೆ. ಅದನ್ನು ಯಾರೂ ಮರೆಯುವುದಿಲ್ಲ. ಆಸ್ಪತ್ರೆಯ ಸೂಚನೆಯಲ್ಲಿ ನಿಲ್ಲಿಸುವ ದಿನಕ್ಕೆ ಇರುವ ಒತ್ತು ಮರಳಿ ಆರಂಭಿಸುವ ದಿನಕ್ಕೆ ಇರುವುದಿಲ್ಲ. "ಮುಂದಿನ ಗುರುವಾರ ರಾತ್ರಿ ಊಟವಾದ ಮೇಲೆ ಗುಲಾಬಿ ಮಾತ್ರೆ ಮತ್ತೆ ಶುರು" ಎಂಬ ವಾಕ್ಯದ ರಚನೆ ನಾಟಿ ವೈದ್ಯನದು. ಅದನ್ನು ಎರವಲು ಪಡೆಯಲು ಆಸ್ಪತ್ರೆಗೆ ಖರ್ಚೇನೂ ಇಲ್ಲ.

ಪ್ರಶ್ನೆಯನ್ನು ಪ್ರದೇಶಕ್ಕೆ ತಕ್ಕಂತೆ, ಕಾಲಕ್ಕೆ ತಕ್ಕಂತೆ ಕೇಳಬೇಕಾದ ಅಗತ್ಯಕ್ಕೆ ಎರಡು ಉದಾಹರಣೆಗಳನ್ನು ಕೊಡಬಹುದು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯ ಕಷಾಯವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ; ಅದರ ಉಷ್ಣಕ್ಕೆಂದು ಮೆಂತ್ಯದ ಗಂಜಿ ಉಣ್ಣುತ್ತಾರೆ. ವರ್ಷಕ್ಕೊಮ್ಮೆಯದಾದ್ದರಿಂದ "ದಿನಾ ಏನು ತಗೋತೀರಿ" ಎಂಬ ಪ್ರಶ್ನೆಗೆ ಇದು ಸಿಕ್ಕುವುದೇ ಇಲ್ಲ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ ತಿಂಗಳ ಆರಂಭದಲ್ಲಿ, ಮದ್ದುಸೊಪ್ಪಿನ ರಸದಿಂದ ಪಾಯಸ ಮಾಡಿ ಉಣ್ಣುವ ಸಂಪ್ರದಾಯವಿದೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಗುಣ ಸೇರಿರುತ್ತದೆಂಬುದು ನಂಬಿಕೆ. ಉಂಡವರ ಮೂತ್ರ ಮರುದಿನ ಕೆಂಪಾಗುವುದು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ. ಮದ್ದು ಕೆಲಸ ಮಾಡಿತೆಂಬುದಕ್ಕೆ ಅದೇ ಗುರುತು. ಆ ವಾರ ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಗೆಂದು ದಾಖಲಾದ ಕೊಡವ ರೋಗಿಯ ಮೂತ್ರದ ಚೀಲ ಕೆಂಪಾಗಿರುವುದನ್ನು ಬೇರೆ ಜಿಲ್ಲೆಯಿಂದ ಬಂದ ಕಿರಿಯ ವೈದ್ಯರು ನೋಡಿದರೆ, ಅವರ ಮನಸ್ಸಿಗೆ ಮೊದಲು ಬರುವುದು ರಕ್ತಸ್ರಾವ. ರಕ್ತ ತೆಳುವಾಗುವ ಮಾತ್ರೆಯನ್ನು ಇನ್ನೂ ಒಂದು ವಾರ ತಡೆಹಿಡಿಯಲು ಅವರಿಗೆ ಅಷ್ಟೇ ಕಾರಣ ಸಾಕು. ಹಾಸಿಗೆಯ ಪಕ್ಕದಲ್ಲಿ ಕುಳಿತ ಮನೆಯವರಿಗೆ ಕಾರಣ ಗೊತ್ತಿರುತ್ತದೆ, ಆದರೆ ಪಾಯಸವನ್ನು ಯಾರೂ ಔಷಧಿಯೆಂದು ಕೇಳಿರುವುದಿಲ್ಲ.